ವಿಳಾಸವಿಲ್ಲದ ಒಂಬತ್ತನೆಯ ಅರ್ಜಿ

ಶೆಟ್ಟಿಹಳ್ಳಿ, ಬೆಂಗಳೂರು
ಬುಧವಾರ, ೧೦ ಜುಲೈ ೨೦೨೪

ಇವರಿಗೆ: ಸಿಸ್ಟರ್ ಫಿಲೋಮಿನಾ, ಕುಷ್ಠರೋಗಿಗಳ ಆಶ್ರಮ, ರಾಯಗಡ ಜಿಲ್ಲೆ, ಒಡಿಶಾ.
ಇವರಿಂದ: ನಿನ್ನ ಒಡಹುಟ್ಟಿದ ಅಣ್ಣ, ಚೌರಪ್ಪನವರ ಮಗ ಇನ್ನಾಸಪ್ಪ.
ವಿಷಯ: ಮಾತೆಯ ದೇವಾಲಯದಲ್ಲಿ ಕಷ್ಟದ ಅರ್ಜಿಗಳನ್ನು ಓದುವುದನ್ನು ನಿಲ್ಲಿಸಿರುವ ಅನ್ಯಾಯದ ಕುರಿತು.

ಪ್ರೀತಿಯ ತಂಗಿ,

ಯಲಹಂಕ ತಾಲ್ಲೂಕು ಕಚೇರಿಯ ಎದುರಿನ ಹೊಂಗೆಮರದಡಿ ಮೂವತ್ತೆಂಟು ವರ್ಷ ಕುಳಿತು ಪರರ ಅರ್ಜಿಗಳನ್ನು ಬರೆದ ನಾನು, ಈ ವಯಸ್ಸಿನಲ್ಲಿ ನನ್ನದೇ ದೂರನ್ನು ನಿನ್ನ ಮುಂದಿಡಬೇಕಾಗಿ ಬಂದಿದೆ. ಸಾವಕಾಶದಿಂದ ಓದತಕ್ಕದ್ದು.

ಬುಧವಾರದ ನೊವೆನಾ ಪ್ರಾರ್ಥನೆಯ ಕ್ರಮ ನಿನಗೆ ಗೊತ್ತೇ ಇದೆ. ಬಾಗಿಲ ಪಕ್ಕದಲ್ಲಿ ಮರದ ಪೆಟ್ಟಿಗೆ. ಕಷ್ಟದಲ್ಲಿರುವವರು ನಿತ್ಯ ಸಹಾಯ ಮಾತೆಗೆ ಅರ್ಜಿ ಬರೆದು ಅದರಲ್ಲಿ ಹಾಕುತ್ತಾರೆ. ಒಂಬತ್ತು ಬುಧವಾರ ಬಿಡದೆ ಹಾಕಬೇಕು. ವರ ದೊರೆತವರು ಕೃತಜ್ಞತಾ ಪತ್ರ ಹಾಕುತ್ತಾರೆ. ಎರಡನ್ನೂ ಸಭೆಯ ಮುಂದೆ ಗಟ್ಟಿಯಾಗಿ ಓದುವುದು ನಮ್ಮ ತಂದೆಯ ಕಾಲದಿಂದ ನಡೆದು ಬಂದ ವಾಡಿಕೆ. ಹದಿನಾರು ವರ್ಷಗಳಿಂದ ಓದುತ್ತಿರುವವನು ನಾನು. ಬರೆಯಲು ಬಾರದವರಿಗೆ ಬರೆದುಕೊಡುವವನೂ ನಾನೇ. ತಾಲ್ಲೂಕು ಕಚೇರಿಯ ಅರ್ಜಿಗೆ ಕೊಟ್ಟ ಮರ್ಯಾದೆಯನ್ನೇ ದೇವಮಾತೆಯ ಅರ್ಜಿಗೂ ಕೊಟ್ಟಿದ್ದೇನೆ: ಹೆಸರು, ತಂದೆಯ ಹೆಸರು, ಮನೆ ಸಂಖ್ಯೆ, ಅಡ್ಡರಸ್ತೆ, ಪಿನ್ ಕೋಡ್, ಆಮೇಲೆ ಕಷ್ಟ. ಗುರುತಿಲ್ಲದ ಅರ್ಜಿಯನ್ನು ಯಾವ ಅಧಿಕಾರಿಯೂ ಮುಟ್ಟುವುದಿಲ್ಲ.

ಹೀಗಿರುವಲ್ಲಿ ಕಳೆದ ತಿಂಗಳು ನಮ್ಮ ಹೊಸ ಗುರುಗಳಾದ ಫಾದರ್ ಬಾಲರಾಜ್ ಅವರು, ಇನ್ನೂ ಮೀಸೆ ಬಲಿಯದವರು, ಪೀಠದಿಂದ ಒಂದು ಆಜ್ಞೆ ಹೊರಡಿಸಿದರು. ಇನ್ನು ಮುಂದೆ ಕೃತಜ್ಞತಾ ಪತ್ರಗಳನ್ನು ಮಾತ್ರ ಓದಲಾಗುವುದಂತೆ, ಅದನ್ನೂ ಅವರೇ ಓದುವರಂತೆ. ಕಷ್ಟದ ಅರ್ಜಿಗಳನ್ನು ಅವರೊಬ್ಬರೇ ಓದಿ ಬಲಿಪೂಜೆಯಲ್ಲಿ ಮೌನವಾಗಿ ಅರ್ಪಿಸುವರಂತೆ. ಕಾರಣ ಕೇಳಿದೆ. "ಒಳ್ಳೇದು ಕೇಳಿದ್ರೆ ಜನರ ವಿಶ್ವಾಸ ಬೆಳೆಯತ್ತೆ, ಇನ್ನಾಸಪ್ಪನವರೇ. ಕಷ್ಟ ಎಲ್ಲರ ಮುಂದೆ ಬೇಡ," ಎಂದು ನೆಲ ನೋಡುತ್ತ ಹೇಳಿದರು. ನೆಲ ನೋಡಿ ಮಾತನಾಡುವ ಅಧಿಕಾರಿಯನ್ನು ನಾನು ಎಂದೂ ನಂಬಿದವನಲ್ಲ.

ಈಗ ನಡೆಯುತ್ತಿರುವುದನ್ನು ನೋಡು. ಸಿಂಗಾಪುರದಲ್ಲಿ ಫ್ಲ್ಯಾಟ್ ಕೊಂಡವನ ಕೃತಜ್ಞತೆಗೆ ಚಪ್ಪಾಳೆ. ಕೆನಡಾ ವೀಸಾ ದೊರೆತವಳಿಗೆ ಚಪ್ಪಾಳೆ. ಗರ್ಭ ಜಾರಿದವಳು, ಗಂಡ ಬಿಟ್ಟವಳು, ಮಂಚ ಹಿಡಿದವರು, ಇವರೆಲ್ಲ ಆ ಚಪ್ಪಾಳೆಯ ನಡುವೆ ತುಟಿ ಕಚ್ಚಿ ಕುಳಿತಿರಬೇಕು. ದೇವರ ಬಳಿಗೆ ಹೋಗುವ ಹಾದಿ ಸುಖದಲ್ಲಿ ಮಾತ್ರ ಇದೆಯೇ? ಶಿಲುಬೆಯ ಮೇಲೆ ಪ್ರಭು, ನನ್ನನ್ನೇಕೆ ಕೈಬಿಟ್ಟೆ ಎಂದು ಕೂಗಿಕೊಂಡದ್ದು ಕೃತಜ್ಞತಾ ಪತ್ರವಾಗಿತ್ತೇ? ಅಂದು ಈ ಗುರುಗಳು ಅಲ್ಲಿದ್ದಿದ್ದರೆ, "ಸ್ವಲ್ಪ ಮೆಲ್ಲಗೆ, ಜನ ಕೇಳ್ತಾರೆ," ಎನ್ನುತ್ತಿದ್ದರೇನೋ!

ಆದಕಾರಣ ನೀನು ನಿಮ್ಮ ಸಿಸ್ಟರುಗಳ ಸಭೆಯ ಹಿರಿಯರ ಮೂಲಕ ಈ ವಿಷಯವನ್ನು ತಕ್ಕ ಸ್ಥಳಕ್ಕೆ ಮುಟ್ಟಿಸಬೇಕಾಗಿ ಕೋರುತ್ತೇನೆ.

ಮನೆಯಲ್ಲಿ ಯಥಾಸ್ಥಿತಿ.

ನಿನ್ನ ಅಣ್ಣ,
ಚೌ. ಇನ್ನಾಸಪ್ಪ


ರಾಯಗಡ
೨೪ ಜುಲೈ ೨೦೨೪

ಪ್ರೀತಿಯ ಅಣ್ಣನಿಗೆ,

ನಿನ್ನ ದೂರು ತಲುಪಿತು. ಊಟದ ಮನೆಯಲ್ಲಿ ಓದಿ ನಕ್ಕೆ, ಆಮೇಲೆ ಪ್ರಾರ್ಥನಾಲಯದಲ್ಲಿ ಮತ್ತೊಮ್ಮೆ ಓದಿ ನಗು ನಿಲ್ಲಿಸಿದೆ. ಇಲ್ಲಿ ಗುಡ್ಡ ಹತ್ತಿದರೆ ಮಾತ್ರ ಫೋನಿಗೆ ಸಿಗ್ನಲ್ಲು ಸಿಗುತ್ತದೆ, ಮಳೆಗೆ ಹಾದಿ ಜಾರುತ್ತಿದೆ. ಅದಕ್ಕೇ ಪತ್ರ.

ಕಷ್ಟವನ್ನು ಮುಚ್ಚಿಡಬಾರದು ಎಂಬ ನಿನ್ನ ಮಾತನ್ನು ಒಪ್ಪುತ್ತೇನೆ. ಆದರೆ ನಾನು ನಿನ್ನ ತಂಗಿ, ನಿನ್ನನ್ನು ಹುಟ್ಟಿದಾಗಿನಿಂದ ಬಲ್ಲವಳು. ಒಂದು ಪ್ರಶ್ನೆ ಕೇಳಲೇಬೇಕು. ನಿನ್ನ ಸಿಟ್ಟು ಅರ್ಜಿಗಳಿಗಾಗಿಯೋ, ಮೈಕಿಗಾಗಿಯೋ? ಹದಿನಾರು ವರ್ಷ ಸಭೆಯೆಲ್ಲ ನಿನ್ನ ದನಿಗೆ ಕಿವಿಗೊಟ್ಟಿತ್ತು. ಈಗ ನೀನು ಎಲ್ಲರಂತೆ ಬೆಂಚಿನ ಮೇಲೆ ಕುಳಿತುಕೊಳ್ಳಬೇಕು. ಅದೂ ಒಂದು ಕಷ್ಟವೇ. ಅದನ್ನೂ ದೇವರ ಕೈಗೆ ಕೊಡಬಹುದಲ್ಲವೇ?

ಹಳೆಯದೊಂದು ಸಂಗತಿ ನೆನಪಾಯಿತು. ನೀವು ಮನೆ ಕಟ್ಟಿದ ವರ್ಷ ನೀನು ನಾಲ್ಕು ಪುಟದ ಕೃತಜ್ಞತಾ ಪತ್ರ ಬರೆದೆ. ಅದನ್ನು ಓದಿದ ಮುಂದಿನ ಬುಧವಾರದಿಂದ ಎಂಟು ತಿಂಗಳು ದೇವಾಲಯದ ಮೆಟ್ಟಿಲು ಹತ್ತಲಿಲ್ಲ ಎಂದು ಲೂರ್ದಮ್ಮ ಅತ್ತಿಗೆ ಯಾರ ಕೈಯಲ್ಲೋ ನನಗೆ ಬರೆಸಿದ್ದರು. "ನಿಮ್ಮಣ್ಣ ಮಾತೆಗೆ ರಸೀದಿ ಕೊಟ್ಟು ವ್ಯವಹಾರ ಮುಗಿಸಿದ್ದಾರೆ," ಎಂದಿತ್ತು ಅದರಲ್ಲಿ. ಇವತ್ತಿಗೂ ನೆನೆದು ನಗುತ್ತೇನೆ.

ಅಂದ ಹಾಗೆ, ನಿನ್ನ ಪತ್ರದ ಕೊನೆಯಲ್ಲಿ ಅತ್ತಿಗೆಯ ಸಹಿ ಇರಲಿಲ್ಲ. ಮದುವೆಯಾದ ಹೊಸದರಲ್ಲಿ ನೀನು ಸ್ಲೇಟು ತಂದು ಸಹಿ ಕಲಿಸಿದ ಮೇಲೆ ಅವರು ಒಂದು ಪತ್ರವನ್ನೂ ಬಿಟ್ಟಿಲ್ಲ. ನನ್ನ ಮೇಲೆ ಮುನಿಸೇ? ಹೋದ ವರ್ಷ ಬರುತ್ತೇನೆಂದು ಬಾರದೆ ಇದ್ದುದಕ್ಕೆ ಇರಬೇಕು. ಕ್ಷಮೆ ಕೇಳಿದೆ ಎಂದು ಹೇಳು.

ನಾನು ಕ್ಷೇಮ. ಕೆಲಸ ಎಂದಿನಂತೆ.

ನಿನ್ನ ತಂಗಿ,
ಫಿಲೋಮಿನಾ


ಶೆಟ್ಟಿಹಳ್ಳಿ
ಬುಧವಾರ, ೭ ಆಗಸ್ಟ್ ೨೦೨೪

ವಿಷಯ: ನಿನ್ನ ಪತ್ರದಲ್ಲಿನ ಆರೋಪಗಳಿಗೆ ಉತ್ತರ.

ತಂಗಿ,

ನಿನ್ನ ಪತ್ರ ಓದಿ ಮನಸ್ಸಿಗೆ ಬಹಳ ನೋವಾಗಿದೆ ಎಂಬುದನ್ನು ಮೊದಲಿಗೇ ದಾಖಲಿಸುತ್ತೇನೆ.

ಮೈಕು ಎಂದೆಯಲ್ಲ. ಹೊಂಗೆಮರದಡಿ ನನಗೆ ಯಾವ ಮೈಕು ಇತ್ತು? ಬಿಸಿಲಿನಲ್ಲಿ ನಿಂತ ಮುದುಕಿಯರು ಕಣ್ಣೀರು ಒರೆಸಿಕೊಂಡು ಹೇಳಿದ್ದನ್ನು ಕೇಳಿ, ಸಾಹೇಬರಿಗೆ ಅರ್ಥವಾಗುವ ಭಾಷೆಗೆ ತಂದು ಬರೆದವನು ನಾನು. ಬರೆದ ಮೇಲೆ ಒಮ್ಮೆ ಗಟ್ಟಿಯಾಗಿ ಓದಿ ಹೇಳುತ್ತಿದ್ದೆ. ತಮ್ಮ ಕಷ್ಟವನ್ನು ಇನ್ನೊಬ್ಬರ ಬಾಯಲ್ಲಿ ಕೇಳಿದಾಗ ಅವರ ಬೆನ್ನು ನೆಟ್ಟಗಾಗುತ್ತಿತ್ತು. ಅದನ್ನು ಕಣ್ಣಾರೆ ಕಂಡಿದ್ದೇನೆ. ಓದಿ ಹೇಳದ ಅರ್ಜಿ ಅರ್ಜಿಯೇ ಅಲ್ಲ, ಬರೀ ಕಾಗದ.

ಒಬ್ಬ ಅರ್ಜಿದಾರನ ಪ್ರಕರಣ ನನಗೆ ಗೊತ್ತಿದೆ. ಇಂದಿಗೆ ಏಳು ಬುಧವಾರ ಅರ್ಜಿ ಹಾಕಿದ್ದಾನೆ. ಒಂದನ್ನೂ ಓದಿಲ್ಲ. ಪ್ರತಿ ವಾರ ಹಿಂದಿನ ಬೆಂಚಿನಲ್ಲಿ ಕುಳಿತು ಕಂಡವರ ಕಾರಿನ, ಮನೆಯ, ಮದುವೆಯ ಕೃತಜ್ಞತೆ ಕೇಳಿ ಎದ್ದು ಹೋಗುತ್ತಾನೆ. ಅವನು ಯಾವ ಮುಖ ಹೊತ್ತು ಮನೆಗೆ ಹೋಗಬೇಕು, ನೀನೇ ಹೇಳು. ಮೆಲ್ಲಗೆ ಮಾತನಾಡಿ ಎನ್ನುವ ಗುರುಗಳು, ನಗುನಗುತ್ತ ಉಪದೇಶ ಬರೆಯುವ ಸಿಸ್ಟರು, ಇಬ್ಬರಿಗೂ ಅವನ ಮನೆಯ ಒಳಗು ಗೊತ್ತಿಲ್ಲ.

ಇನ್ನೊಂದು ಅವಮಾನ. ದೇವಾಲಯದ ಗೇಟಿನಲ್ಲಿ ಹೂವು, ಮೇಣದಬತ್ತಿ ಮಾರುವ ಮಾರಕ್ಕ ನಿನಗೆ ನೆನಪಿರಬೇಕು. ಹಿಂದೂವಾದರೂ ಮಾತೆಯ ಮೇಲೆ ಅವಳಿಗೆ ನಮಗಿಂತ ಹೆಚ್ಚು ಭಕ್ತಿ. ಮೇ ತಿಂಗಳಲ್ಲಿ ಅವಳ ಮೊಮ್ಮಗಳು ಧನುಶ್ರೀಗಾಗಿ ಒಂದು ಅರ್ಜಿ ಬರೆದುಕೊಟ್ಟು, ನಾನೇ ಓದಿದೆ. ನನ್ನ ಕೈಯಿಂದ ಬಂದ ಅತ್ಯುತ್ತಮ ಅರ್ಜಿಗಳಲ್ಲಿ ಅದೂ ಒಂದು. ಈಗ ಎದುರಾದರೆ ಮುಖ ತಿರುಗಿಸುತ್ತಾಳೆ. ಹೋದ ವಾರ ನಾನಾಗಿಯೇ ಮಾತನಾಡಿಸಲು ಹೋದರೆ, "ನಿನ್ ಪೇಪರ್ರು ನಿನಗೇ ಇರ್ಲಿ, ಓಗಯ್ಯ ಅತ್ಲಾಗೆ," ಎಂದು ಹತ್ತು ಜನರ ಮುಂದೆ ಅಂದಳು. ಗುರುಗಳು ಮೂಲೆಗೆ ತಳ್ಳಿದವನಿಗೆ ಹೂ ಮಾರುವವಳೂ ಒಂದು ಏಟು ಕೊಡುತ್ತಾಳೆ. ಉಪಕಾರಕ್ಕೆ ಇದೇ ಬೆಲೆ.

ನಿನ್ನ ಅತ್ತಿಗೆಯ ಸಹಿಯ ಬಗ್ಗೆ ಕೇಳಿದ್ದೀಯೆ. ಅದು ಈ ಪ್ರಕರಣಕ್ಕೆ ಸಂಬಂಧಿಸಿದ್ದಲ್ಲ.

ಒಂದು ಮಾತು. ನಿನ್ನ ಅಕ್ಷರ ಇತ್ತೀಚೆಗೆ ಮುತ್ತು ಪೋಣಿಸಿದಂತೆ ದುಂಡಾಗಿದೆ. ಮೊದಲು ಹೀಗಿರಲಿಲ್ಲ. ಕುಳಿತು ತಿದ್ದಿ ಬರೆಯುವಷ್ಟು ಬಿಡುವು ಕಾನ್ವೆಂಟಿನಲ್ಲಿ ಸಿಗುತ್ತಿದೆ ಎಂದು ಸಂತೋಷ. ಅಂಥ ಬಿಡುವಿನಲ್ಲಿ ಕುಳಿತು ಬೇರೆಯವರ ಸಿಟ್ಟನ್ನು ತೂಗುವುದು ಸುಲಭ.

ಚೌ. ಇನ್ನಾಸಪ್ಪ


ಬುಧವಾರ, ೨೧ ಆಗಸ್ಟ್ ೨೦೨೪

ಸನ್ನಿಧಾನಕ್ಕೆ: ನಿತ್ಯ ಸಹಾಯ ಮಾತೆ.
ಅರ್ಜಿದಾರ: ಒಬ್ಬ ಗಂಡ.
ವಿಳಾಸ:
ವಿಷಯ: ಒಂಬತ್ತನೆಯ ಮತ್ತು ಕೊನೆಯ ಅರ್ಜಿ.

ಮಹಾತಾಯಿ,

೧. ಜೂನ್ ಹತ್ತೊಂಬತ್ತರ ಬೆಳಿಗ್ಗೆ ಅರ್ಜಿದಾರನ ಹೆಂಡತಿ ಮುದ್ದೆ ತಿರುವುತ್ತಿದ್ದವಳು ಕೋಲು ಕೈಬಿಟ್ಟು ಒಲೆಯ ಮುಂದೆ ಕುಸಿದಳು. ಜಾಲಹಳ್ಳಿ ಕ್ರಾಸಿನಲ್ಲಿ ಆಂಬುಲೆನ್ಸ್ ನಲವತ್ತು ನಿಮಿಷ ನಿಂತಿತು. ಆ ನಲವತ್ತು ನಿಮಿಷವೂ ಅರ್ಜಿದಾರನು ತಮ್ಮ ಹೆಸರನ್ನೇ ಜಪಿಸಿದ್ದಾನೆ. ತಾವು ಕೇಳಿಸಿಕೊಂಡಿರುತ್ತೀರಿ.

೨. ಪ್ರಾಣ ಉಳಿಯಿತು. ಬಲಗೈ, ಬಲಗಾಲು ಹೋದವು. ಮಾತು ಹೋಯಿತು. ಐವತ್ತೊಂದು ವರ್ಷ "ರೀ" ಎಂದು ಕರೆಯುತ್ತಿದ್ದವಳು ಈಗ ಏನಾದರೂ ಬೇಕಾದರೆ ಎಡಗೈಯಲ್ಲಿ ಲೋಟ ಹಿಡಿದು ಮಂಚದ ಕಬ್ಬಿಣಕ್ಕೆ ಬಡಿಯುತ್ತಾಳೆ.

೩. ಆಸ್ಪತ್ರೆಯಿಂದ ಬಿಡುವ ದಿನ ಗುಮಾಸ್ತೆ ಶಾಯಿಯ ಡಬ್ಬಿ ತಂದು ಅವಳ ಹೆಬ್ಬೆಟ್ಟು ಹಿಡಿದಾಗ, ಅವಳು ಕೈ ಕಿತ್ತುಕೊಂಡು ಪೆನ್ನು ಕೇಳಿದಳು. ಎಡಗೈಯಲ್ಲಿ ಗೀಚಿದ್ದು ಸಹಿಯಾಗಲಿಲ್ಲ. ಕೊನೆಗೆ ಅರ್ಜಿದಾರನೇ ಅವಳ ಕೈ ಹಿಡಿದು ಹೆಬ್ಬೆಟ್ಟು ಒತ್ತಿಸಿದ. ಅಂದಿನಿಂದ ಅವಳು ಗಂಡನ ಮುಖ ನೋಡುವುದು ಕಡಿಮೆ.

೪. ಹಿಂದಿನ ಎಂಟು ಅರ್ಜಿಗಳಿಗೆ ಹಿಂಬರಹ ಬಂದಿಲ್ಲ. ಅತ್ಯಂತ ಸೋಮಾರಿ ಕಚೇರಿಯೂ "ನಿಮ್ಮ ಅರ್ಜಿ ಪರಿಶೀಲನೆಯಲ್ಲಿದೆ" ಎಂದಾದರೂ ಉತ್ತರ ಬರೆಯುತ್ತದೆ. ತಮ್ಮ ಕಚೇರಿಯಲ್ಲಿ ಯಾರಾದರೂ ಇದ್ದೀರಾ ಎಂಬ ಸಂದೇಹ ಅರ್ಜಿದಾರನಿಗೆ ಬಂದಿದೆ. ಇದನ್ನು ಧಿಕ್ಕಾರವೆಂದು ತಿಳಿದರೆ ತಿಳಿಯಬಹುದು.

ಪ್ರಾರ್ಥನೆ: ಅವಳಿಗೆ ಮಾತು ಕೊಡಿ. ಕೊಡಲಾಗದಿದ್ದಲ್ಲಿ ಕಾರಣ ತಿಳಿಸಿ.


ರಾಯಗಡ
೨ ಸೆಪ್ಟೆಂಬರ್ ೨೦೨೪

ಅಣ್ಣ,

ಈ ಪತ್ರ ನನ್ನ ಕೈಯದು. ಓದಲು ತೊಡಕಾದರೆ ನಿಧಾನವಾಗಿ ಓದು.

ನಿನ್ನ ಲಕೋಟೆ ಒಡೆದೆ. ಒಳಗೆ ನನಗೆ ಬರೆದ ಕಾಗದ ಇರಲಿಲ್ಲ, ಮಾತೆಗೆ ಬರೆದದ್ದಿತ್ತು. ಅಕ್ಷರ ನಿನ್ನದು. ಮುದ್ದೆ ಕೋಲು ಯಾರದು, "ರೀ" ಯಾರದು ಎಂದು ತಿಳಿಯಲು ನನಗೆ ಹೆಸರು ಬೇಕಾಗಲಿಲ್ಲ. ಅಂದೇ ಗುಡ್ಡ ಹತ್ತಿದೆ. ನಿನ್ನ ಫೋನು ಸ್ವಿಚ್ ಆಫ್ ಆಗಿತ್ತು. ಮೂರು ದಿನ ಹತ್ತಿದೆ.

ಎರಡೂವರೆ ತಿಂಗಳು! "ಮನೆಯಲ್ಲಿ ಯಥಾಸ್ಥಿತಿ" ಎಂದು ಬರೆಯಲು ನಿನಗೆ ಕೈ ಹೇಗೆ ಬಂತು? ಅವರು ನನಗೆ ಅತ್ತಿಗೆ ಮಾತ್ರವೇ? ನಾನು ಕಾನ್ವೆಂಟಿಗೆ ಹೊರಟ ದಿನ ಅಪ್ಪ ಬಾಗಿಲು ಹಾಕಿಕೊಂಡಾಗ ಬಸ್ ನಿಲ್ದಾಣದವರೆಗೆ ನನ್ನ ಪೆಟ್ಟಿಗೆ ಹೊತ್ತವರು ಯಾರು? ಮೈಕಿನ ಮಾತು ಬರೆದದ್ದಕ್ಕೆ ನನಗೆ ನಾಚಿಕೆಯಾಗಿದೆ. ಆದರೆ ಅಂಥ ಮಾತು ಬರೆಯುವ ಹಾಗೆ ಮಾಡಿದ್ದಕ್ಕೆ ನಿನ್ನ ಮೇಲೆ ಸಿಟ್ಟೂ ಇದೆ. ಎರಡನ್ನೂ ತೆಗೆದುಕೋ.

ಈಗ ನನ್ನ ಸುಳ್ಳು. ನೀನು ಹೊಗಳಿದ ಮುತ್ತಿನಂಥ ಅಕ್ಷರ ನಮ್ಮ ಜೊತೆಗಿರುವ ಚಾಮರಾಜನಗರದ ಕಿರಿಯ ಸಿಸ್ಟರದು. ಒಂದೂವರೆ ವರ್ಷದಿಂದ ನನ್ನ ಕೈ ನಡುಗುತ್ತಿದೆ. ಗಾಯ ತೊಳೆದು ಕಟ್ಟುವ ಕೋಣೆಯಿಂದ ನನ್ನನ್ನು ತೆಗೆದಿದ್ದಾರೆ. ಈಗ ಗೇಟಿನ ಬಳಿ ಕುಳಿತು ಬಂದವರ ಹೆಸರು ಕೇಳುತ್ತೇನೆ. ಮೂವತ್ತು ವರ್ಷ ಸ್ಥಿರವಾಗಿದ್ದ ಕೈಗಾಗಿ ನಾನು ದೇವರಿಗೆ ಒಂದು ದಿನವೂ ಕೃತಜ್ಞತೆ ಹೇಳಿರಲಿಲ್ಲ. ಅದು ನಡುಗಲು ತೊಡಗಿದ ದಿನದಿಂದ ದಿನವೂ ಅವನೊಡನೆ ಮಾತು, ಬಹುಪಾಲು ಜಗಳ. ಇಷ್ಟು ಮಾತು ನಮ್ಮಿಬ್ಬರ ನಡುವೆ ಹಿಂದೆಂದೂ ಇರಲಿಲ್ಲ.

ಇನ್ನೊಂದು ಸಂಗತಿ. ನಿನ್ನ ಅರ್ಜಿಯನ್ನು ಓದಲಾಗಿದೆ. ಭಾನುವಾರ ಪ್ರಾರ್ಥನಾಲಯದಲ್ಲಿ ಎದ್ದು ನಿಂತು, ಮೊದಲಿನಿಂದ ಕೊನೆಯವರೆಗೆ, ಕನ್ನಡದಲ್ಲೇ, ಗಟ್ಟಿಯಾಗಿ ಓದಿದೆ. ನಲವತ್ತೊಂದು ರೋಗಿಗಳಿದ್ದರು. ಯಾರಿಗೂ ಒಂದು ಪದ ತಿಳಿಯಲಿಲ್ಲ. ನನ್ನ ದನಿ ನಿಂತಲ್ಲೆಲ್ಲ "ಆಮೆನ್" ಎಂದರು.

ಓದುವಾಗ ಒಂದು ಕಡೆ ತಡವರಿಸಿದೆ. ಗುರುತಿಲ್ಲದ ಅರ್ಜಿಯನ್ನು ಯಾರೂ ಮುಟ್ಟುವುದಿಲ್ಲ ಎಂದವನು ನೀನು. ನಿನ್ನ ಅರ್ಜಿಯಲ್ಲಿ ಹೆಸರಿಲ್ಲ, ಅಡ್ಡರಸ್ತೆಯಿಲ್ಲ. ಏಕೆ ಅಣ್ಣ?

ಫಿಲೋಮಿನಾ


ಶೆಟ್ಟಿಹಳ್ಳಿ
ಗುರುವಾರ, ೧೨ ಸೆಪ್ಟೆಂಬರ್ ೨೦೨೪

ತಂಗಿ,

ವಿಷಯ ಎಂದು ಒಂದು ಸಾಲು ಬರೆಯಲು ಪ್ರಯತ್ನಿಸಿದೆ, ಆಗಲಿಲ್ಲ. ಹಾಗೆಯೇ ಓದು.

ಲಕೋಟೆಯ ಪ್ರಮಾದ ನಡೆದದ್ದು ಹೀಗೆ. ನಿನಗೂ ಮಾತೆಗೂ ನಾನು ಒಂದೇ ಉದ್ದನೆಯ ಕಾಗದದಲ್ಲಿ ಬರೆದು, ಒಂದೇ ರೀತಿ ಮೂರು ಮಡಿಕೆ ಮಾಡುತ್ತೇನೆ. ಆ ಬುಧವಾರ ಎರಡನ್ನೂ ಮಡಿಚಿ ಮೇಜಿನ ಮೇಲಿಟ್ಟಾಗ ಒಳಗೆ ಲೋಟದ ಸದ್ದಾಯಿತು. ಓಡಿಹೋಗಿ ಬಂದವನು ಕೈಗೆ ಸಿಕ್ಕಿದ್ದನ್ನು ಲಕೋಟೆಗೂ ಉಳಿದದ್ದನ್ನು ಜೇಬಿಗೂ ಹಾಕಿದೆ. ಸಾವಿರಾರು ಅರ್ಜಿಗಳನ್ನು ಸರಿಯಾದ ಮೇಜಿಗೆ ತಲುಪಿಸಿದ ಕೈ ತನ್ನದೊಂದನ್ನು ತಪ್ಪಿಸಿತು. ನಿನಗೆ ಬರೆದ ಪತ್ರ ಮಾತೆಯ ಪೆಟ್ಟಿಗೆಗೆ ಬಿತ್ತು. ಅದರಲ್ಲಿ ಫಾದರ್ ಬಾಲರಾಜ್ ಅವರ ಬಗ್ಗೆ ಎರಡು ಪುಟಗಳಿದ್ದವು. ಮೃದುವಾದ ಪುಟಗಳಲ್ಲ.

ಮರುದಿನ ಬೆಳಿಗ್ಗೆ ಗುರುಗಳು ಬಾಗಿಲಲ್ಲಿ ನಿಂತಿದ್ದರು, ಕೈಯಲ್ಲಿ ಕಾಗದ.

"ಇದು ಮಾತೆಗೆ ಬರೆದಿದ್ದಲ್ಲ ಅನ್ಸತ್ತೆ, ಇನ್ನಾಸಪ್ಪನವರೇ," ಎಂದರು. "ಮೀಸೆ ವಿಷಯ ಮಾತ್ರ ನಿಜ. ದಿನಾ ಬೋಳಿಸಿದ್ರೆ ಹೇಗೆ ಬಲಿಯತ್ತೆ?"

ನಗುವ ಸ್ಥಿತಿಯಲ್ಲಿ ನಾನಿರಲಿಲ್ಲ. ಅಷ್ಟರಲ್ಲಿ ಲೋಟ ಬಡಿಯಿತು. ಅವರು ನನ್ನನ್ನು ದಾಟಿ ಒಳಗೆ ಹೋದರು, ಮಂಚದ ಬಳಿ ನಿಂತುಬಿಟ್ಟರು. ಆಮೇಲೆ ನನ್ನ ಕಡೆ ತಿರುಗಿ, "ಹಂಗಾದ್ರೆ ಆ ಎಂಟು ಅರ್ಜಿ ನಿಮ್ಮನೇದಾ?" ಎಂದರು.

ಅವರು ಎಲ್ಲವನ್ನೂ ಓದಿದ್ದರು, ತಂಗಿ. ಅಕ್ಷರ ನನ್ನದೆಂದು ತಿಳಿದಿತ್ತು, ಆದರೆ ನಾನು ನೂರು ಜನರಿಗೆ ಬರೆದುಕೊಡುವವನು. ವಿಳಾಸವಿಲ್ಲದೆ ನಾನು ಬರೆದದ್ದು ಅವನ್ನು ಮಾತ್ರ ಆದ್ದರಿಂದ, ಯಾರೋ ಮುಚ್ಚಿಟ್ಟುಕೊಳ್ಳಲು ಬಯಸಿದ್ದಾರೆಂದು ನನ್ನನ್ನು ಕೇಳಲಿಲ್ಲವಂತೆ. ಮನೆಮನೆ ಭೇಟಿಯ ನೆಪದಲ್ಲಿ ಯಾರ ಮನೆಯಲ್ಲಿ ಮಾತು ಹೋದ ಹೆಂಗಸಿದ್ದಾಳೆಂದು ಐದು ವಾರ ಹುಡುಕಿದ್ದಾರೆ. ನನ್ನ ಬಾಗಿಲಿಗೂ ಎರಡು ಬಾರಿ ಬಂದಿದ್ದರು. ಸಿಟ್ಟಿನಲ್ಲಿ ನಾನೇ ತೆರೆದಿರಲಿಲ್ಲ.

ಆದರೂ ನಾನು ಬಿಡಲಿಲ್ಲ. "ಗಟ್ಟಿಯಾಗಿ ಓದಿದ್ದರೆ ಇಡೀ ಸಭೆ ಅವಳಿಗಾಗಿ ಪ್ರಾರ್ಥಿಸುತ್ತಿತ್ತು. ನಿಲ್ಲಿಸಿದವರು ತಾವು!" ಎಂದು ಕೂಗಿದೆ. ಆಗ ಅವರು ಮತ್ತೆ ನೆಲ ನೋಡುತ್ತ ಆ ಸಂಗತಿ ಹೇಳಿದರು.

ಮಾರಕ್ಕನ ಮೊಮ್ಮಗಳು ಧನುಶ್ರೀಗೆ ಮೂರ್ಛೆ ರೋಗ. ಅದು ವಾಸಿಯಾಗಲೆಂದು ಅಜ್ಜಿ ಬರೆಸಿದ ಅರ್ಜಿ ಅದು. ನಾನು ನನ್ನ ಕ್ರಮದಂತೆ ಹೆಸರು, ತಂದೆಯ ಹೆಸರು, ಮನೆ ಸಂಖ್ಯೆ, ಅಡ್ಡರಸ್ತೆ, ಎಲ್ಲವನ್ನೂ ಮೈಕಿನಲ್ಲಿ ಓದಿದ್ದೆ. ಗೊತ್ತಾಗಿದ್ದ ಮದುವೆ ಅದೇ ವಾರ ಮುರಿಯಿತು. ಗುರುಗಳ ಆಜ್ಞೆಗೆ ಕಾರಣ ನಾನು. "ನಿಮಗೆ ನೋವಾಗತ್ತೆ ಅಂತ ಹೇಳಲಿಲ್ಲ," ಎಂದರು.

ನನಗೆ ಬಂದ ಕೋಪ ಹೇಳಲಾರೆ. "ಮೂವತ್ತೆಂಟು ವರ್ಷ ಜನರ ನೋವು ಬರೆದು ಬದುಕಿದವನಿಗೆ ನೋವು ಬೇಡವೆಂದು ತೀರ್ಮಾನಿಸಲು ತಾವು ಯಾರು? ಅಂದೇ ಹೇಳಿದ್ದರೆ ಅಂದೇ ಹೋಗಿ ಕಾಲು ಹಿಡಿಯುತ್ತಿದ್ದೆ!" ಎಂದೆ. ಅವರು ತಲೆ ಎತ್ತಿ, "ಅದು ನನ್ನ ತಪ್ಪು," ಎಂದರು. ಕಣ್ಣಲ್ಲಿ ಕಣ್ಣಿಟ್ಟು ಹೇಳಿದರು. ಅಧಿಕಾರಿಯೊಬ್ಬರು ತಪ್ಪು ಒಪ್ಪಿದ್ದನ್ನು ನಾನು ಕಂಡದ್ದು ಅದೇ ಮೊದಲು.

ಸಂಜೆ ಮಾರಕ್ಕನ ಮನೆಗೆ ಹೋದೆ. "ಇಂಗ್ ಬಂದು ಬಾಗಿಲಾಗ್ ನಿಂತ್ಕೊಂಡ್ರೆ ಎಲ್ಲಾ ಸರಿಯಾಗೋಯ್ತಾ?" ಎಂದು ಮಾರಕ್ಕ ಒಳಗಿನಿಂದಲೇ ಕೂಗಿದಳು. ಧನುಶ್ರೀ ಕಚೇರಿಯಿಂದ ಆಗಷ್ಟೇ ಬಂದು ಬ್ಯಾಗು ಇಳಿಸುತ್ತಿದ್ದಳು.

"ತಾತ, ಒಂದ್ ಮಾತು ಕೇಳ್ತೀನಿ. ಮಾತೆಗೆ ನಮ್ಮನೆ ಪಿನ್ ಕೋಡ್ ಬೇಕಿತ್ತಾ?"

ನಾನು ಹೊಸ್ತಿಲ ಬಳಿ ಕುಳಿತೆ.

"ಫಿಟ್ಸ್ ಬರತ್ತೆ ಅನ್ನೋದು ನನಗೇನು ಅವಮಾನ ಅಲ್ಲ. ಹುಡುಗನಿಗೆ ನಾನೇ ಹೇಳೋಳಿದ್ದೆ, ಆ ಭಾನುವಾರ, ಹೆಬ್ಬಾಳದ ಕೆರೆ ಹತ್ರ ಸಿಗೋಣ ಅಂತ ಮಾತಾಗಿತ್ತು. ಅಷ್ಟರಲ್ಲಿ ಅವರ ಸೋದರತ್ತೆ ಮೂರನೇ ಬೆಂಚಲ್ಲಿ ಕೂತು ನಿಮ್ಮ ಬಾಯಲ್ಲಿ ಕೇಳಿಸ್ಕೊಂಡ್ರು. ಮದುವೆ ಹೋಗಿದ್ದಕ್ಕಲ್ಲ ತಾತ ಸಿಟ್ಟು. ನನ್ನ ಮಾತು ನೀವು ಆಡ್ಬಿಟ್ರಿ."

ಈ ವಾಕ್ಯವನ್ನು ಅವಳ ಬಾಯಲ್ಲಿ ಬಂದಂತೆಯೇ ಬರೆದಿದ್ದೇನೆ. ತಿದ್ದಲು ಅದರಲ್ಲಿ ಏನೂ ಇರಲಿಲ್ಲ. ನಾನು ಮನೆಯ ಸ್ಥಿತಿ ಹೇಳಿದ ಮೇಲೆ ಮಾರಕ್ಕ ಕಾಫಿ ತಂದು ನೆಲಕ್ಕೆ ಕುಟ್ಟಿ ಇಟ್ಟಳು. "ಕುಡ್ಕೊಂಡ್ ಓಗು. ಎಂಡ್ತಿ ಇಂಗ್ ಮಲಗವ್ಳೆ ಅಂತ ಒಂದ್ ಮಾತ್ ಏಳ್ಲಿಲ್ವಲ್ಲಯ್ಯ," ಎಂದು ಅದಕ್ಕೂ ಬೈದಳು.

ಹೆಸರು ಏಕಿಲ್ಲ ಎಂದು ಕೇಳಿದ್ದೀಯೆ. ಬೇರೆಯವರ ಕಷ್ಟಕ್ಕೆ ವಿಳಾಸ ಬರೆಯುವಾಗ ಕೈ ಎಂದೂ ತಡೆಯಲಿಲ್ಲ. ನನ್ನದು ಬಂದಾಗ ತಡೆಯಿತು. ಇದೇ ಉತ್ತರ, ಫೋನು ಆರಿಸಿಟ್ಟದ್ದಕ್ಕೂ ಇದೇ. ಇದಕ್ಕಿಂತ ಸಮರ್ಥನೆ ನನ್ನ ಬಳಿ ಇಲ್ಲ.

ಮಾತೆಯ ಮೇಲಿನ ಸಿಟ್ಟು ಮಾತ್ರ ಹಾಗೆಯೇ ಇದೆ. ಮಾತು ಇನ್ನೂ ಬಂದಿಲ್ಲ.

ನಿನ್ನ ಕೈಗೆ ಏನಾಗಿದೆ ಎಂದು ವೈದ್ಯರು ಹೇಳಿದ್ದನ್ನು ಪೂರ್ತಿ ಬರೆ. ಅಕ್ಷರ ಓದಲು ಬಂತು.

ಅಣ್ಣ


ರಾಯಗಡ
೨೫ ಸೆಪ್ಟೆಂಬರ್ ೨೦೨೪

ಅಣ್ಣ,

ವೈದ್ಯರು ಹೇಳಿದ ಹೆಸರು ಉದ್ದವಾಗಿದೆ, ಗುಣವಾಗುವ ಕಾಯಿಲೆಯಲ್ಲ, ಮಾತ್ರೆಗೆ ತುಸು ಹಿಡಿತಕ್ಕೆ ಬರುತ್ತದೆ. ಕ್ರಿಸ್ಮಸ್ ಮುಗಿದ ಮೇಲೆ ಊರಿಗೆ ಬರಲು ಅನುಮತಿ ಸಿಕ್ಕಿದೆ. ನಾಲ್ಕು ವಾರ ಅತ್ತಿಗೆಯ ಬಳಿ ಇರುತ್ತೇನೆ.

ಧನುಶ್ರೀಯ ಮಾತು ಓದಿದಾಗಿನಿಂದ ಒಂದು ಪ್ರಶ್ನೆ ಕೊರೆಯುತ್ತಿದೆ. ಅತ್ತಿಗೆಗಾಗಿ ಒಂಬತ್ತು ಅರ್ಜಿ ಬರೆದೆ. ಅವರಿಗೆ ಏನು ಬೇಕೆಂದು ಒಮ್ಮೆಯಾದರೂ ಅವರನ್ನು ಕೇಳಿದೆಯಾ? ಮಾತು ಹೋಗಿದೆ, ಕಿವಿ ಹೋಗಿಲ್ಲವಲ್ಲ. ಒಂಬತ್ತನೆಯದು ಪೆಟ್ಟಿಗೆಗೆ ಬೀಳಲೇ ಇಲ್ಲ, ಆ ಜಾಗ ಇನ್ನೂ ಖಾಲಿಯಿದೆ. ಅದು ಅವರದಾಗಲಿ.

ಫಿಲೋಮಿನಾ


ಶೆಟ್ಟಿಹಳ್ಳಿ
ಗುರುವಾರ, ೧೦ ಅಕ್ಟೋಬರ್ ೨೦೨೪

ತಂಗಿ,

ನಿನ್ನ ಪ್ರಶ್ನೆಗೆ ಉತ್ತರ: ಕೇಳಿರಲಿಲ್ಲ.

ಮಂಗಳವಾರ ಮಧ್ಯಾಹ್ನ ಊಟ ಮಾಡಿಸುತ್ತ ಕೇಳಿದೆ. ಮುದ್ದೆ ಈಗ ನಾನೇ ತಿರುವುತ್ತೇನೆ. ನಾಲ್ಕು ತಿಂಗಳಾದರೂ ಗಂಟು ಹೋಗಿಲ್ಲ. ತಟ್ಟೆಯ ಪಕ್ಕದಲ್ಲಿ ಕಾಗದ ಇಟ್ಟುಕೊಂಡು, "ಮಾತೆಗೆ ಒಂಬತ್ತನೆಯ ಅರ್ಜಿ. ನೀನು ಹೇಳಿದ್ದನ್ನೇ ಬರೆಯುತ್ತೇನೆ. ಮಾತು ಬರಲಿ ಅಂತ ಬರೆಯಲೇ?" ಎಂದೆ. ಇಲ್ಲವೆಂದು ತಲೆಯಾಡಿಸಿದಳು. "ಬಲಗೈ?" ಇಲ್ಲ. "ಕಾಲು?" ಇಲ್ಲ. ನನಗೆ ರೇಗಿತು. "ಮತ್ತೇನು ಬರೆಯಲಿ, ನನ್ನ ತಲೆ?" ಎಂದೆ.

ಅವಳು ಎಡಗೈಯಿಂದ ಮೊದಲು ನನ್ನನ್ನು ತೋರಿಸಿದಳು. ಆಮೇಲೆ ತಟ್ಟೆಯ ಮುದ್ದೆಯನ್ನು. ಆಮೇಲೆ ಕೈಯನ್ನು ಹಣೆಗೆ ಒಯ್ದು ಮಾತೆಯ ಪಟಕ್ಕೆ ಮುಗಿದಳು, ಅರ್ಧ ನಮಸ್ಕಾರ.

ಕೃತಜ್ಞತಾ ಪತ್ರ! ಗಂಟು ಗಂಟಾದ ಮುದ್ದೆಗೆ!

ನಾನು ಕಾಗದ ಎಸೆದೆ. "ನಿನ್ನನ್ನು ಈ ಗತಿಗೆ ತಂದವಳಿಗೆ ಕೃತಜ್ಞತೆಯೇ? ನಾನು ಬರೆಯುವುದಿಲ್ಲ!" ಎಂದು ಮನೆ ಅದುರುವಂತೆ ಕೂಗಿದೆ. ಅವಳು ಲೋಟ ತೆಗೆದುಕೊಂಡು ಮಂಚಕ್ಕೆ ಬಡಿದಳು. ಇಲ್ಲವೆಂದೆ. ಬಡಿದಳು. ನಾನು ಕಾಗದ ಎತ್ತಿಕೊಳ್ಳುವವರೆಗೂ ಬಡಿಯುತ್ತಲೇ ಇದ್ದಳು. ಆಮೇಲೆ ನಕ್ಕಳು. ಮುಖದ ಒಂದೇ ಪಕ್ಕದಲ್ಲಿ ನಕ್ಕಳು, ಆದರೂ ಅದು ಪೂರ್ತಿ ನಗುವೇ. ಜೂನ್ ನಂತರ ನನ್ನ ಮುಖ ನೋಡಿ ನಕ್ಕದ್ದು ಅದೇ ಮೊದಲು.

ಬರೆದೆ. ಆದರೆ ನಡೆದದ್ದನ್ನು ಬಿಟ್ಟು ಬರೀ ಸಂತೋಷ ಬರೆಯಲು ನನ್ನ ಕೈ ಒಪ್ಪಲಿಲ್ಲ. ಎರಡನ್ನೂ ಬರೆದೆ. ಹೆಸರು ಹಾಕಲೇ ಎಂದು ಕೇಳಿದೆ. ಪೆನ್ನಿಗೆ ಕೈ ಚಾಚಿದಳು. ಹೆಬ್ಬೆಟ್ಟಿನ ಮಾತು ನಾನು ಎತ್ತಲಿಲ್ಲ. ಸ್ಲೇಟು ಹಿಡಿದ ಹಾಗೆ ರಟ್ಟು ಹಿಡಿದು ಕುಳಿತೆ, ಐವತ್ತೊಂದು ವರ್ಷದ ಹಿಂದೆ ಕುಳಿತ ಹಾಗೆ. ಅಕ್ಷರ ಮುಗಿಯಲು ಕಾಲು ಗಂಟೆ ಹಿಡಿಯಿತು.

ನಿನ್ನೆ ನೊವೆನಾಗೆ ಮೊದಲು ಗುರುಗಳ ಕೈಗೇ ಕೊಟ್ಟೆ. ಓದಿ ತಲೆ ಕೆರೆದುಕೊಂಡರು. "ಇದು ಕೃತಜ್ಞತೆನೋ, ಅರ್ಜಿನೋ?"

"ಎರಡೂ ಹೌದು ಸ್ವಾಮಿ. ಬೇರೆ ಮಾಡಲು ಬಂದರೆ ಮಾಡಿ ನೋಡಿ," ಎಂದೆ.

ಅವರು ಮೈಕನ್ನು ನನ್ನ ಕಡೆ ತಿರುಗಿಸಿದರು. ನಾನು ಹಿಂದೆ ಸರಿದೆ. ಈ ಸಲ ಬೇರೆಯವರ ಬಾಯಿಂದ ಕೇಳಬೇಕೆನಿಸಿತು. ಮೂರನೆಯ ಬೆಂಚಿನಿಂದ ಧನುಶ್ರೀ ಎದ್ದು ಬಂದು, "ಕೊಡಿ ತಾತ," ಎಂದಳು. ಅವಳು ಓದಿದಳು. ಚಪ್ಪಾಳೆ ಬೀಳಲಿಲ್ಲ. ಜನ ಎದ್ದು ನಿಂತರು.

ಮಾತೆಯ ಮೇಲಿನ ನನ್ನ ದೂರು ಬಾಕಿ ಇದೆ. ಆದರೆ ದಿನಾ ಬೆಳಿಗ್ಗೆ ಒಲೆಯ ಮುಂದೆ ನಿಂತು ಮುಖಾಮುಖಿ ಹೇಳುತ್ತೇನೆ, ಕಾಗದ ಬೇಕಾಗುತ್ತಿಲ್ಲ. ಮನೆ ಕಟ್ಟಿದ ವರ್ಷ ನಾಲ್ಕು ಪುಟ ಬರೆದವನು ಇಷ್ಟು ಹತ್ತಿರ ನಿಂತಿರಲಿಲ್ಲ. ದೂರದವರ ಜೊತೆ ಯಾರು ತಾನೆ ದಿನಾ ಜಗಳವಾಡುತ್ತಾರೆ?

ಬರುವಾಗ ಗಂಟಿಲ್ಲದ ಮುದ್ದೆಯ ಆಸೆ ಇಟ್ಟುಕೊಳ್ಳಬೇಡ. ಪತ್ರದ ನಕಲು ಕೆಳಗಿದೆ. ಸಹಿಯನ್ನು ನಕಲು ಮಾಡಲು ನನಗೆ ಮನಸ್ಸಾಗಲಿಲ್ಲ, ಅವಳೇ ಇನ್ನೊಮ್ಮೆ ಹಾಕಿದ್ದಾಳೆ.

ಅಣ್ಣ


ನಿತ್ಯ ಸಹಾಯ ಮಾತೆಗೆ,

ನನ್ನ ಬಲಗೈ ಹೋಯಿತು, ಕಾಲು ಹೋಯಿತು, ಮಾತು ಹೋಯಿತು. ನನ್ನ ಗಂಡ ಮುದ್ದೆ ತಿರುವುವುದನ್ನು ಕಲಿಯುತ್ತಿದ್ದಾನೆ. ಅದರಲ್ಲಿ ಗಂಟಿದೆ. ನಾನು ತಿನ್ನುತ್ತಿದ್ದೇನೆ. ಇದಕ್ಕಾಗಿ ನಿಮಗೆ ಕೃತಜ್ಞತೆ.

ಬರೆದವನು: ಚೌ. ಇನ್ನಾಸಪ್ಪ. ತನ್ನ ಆಕ್ಷೇಪಣೆಯನ್ನು ಕಾಯ್ದಿರಿಸಿದ್ದಾನೆ.

ಸಹಿ: ಲೂ ರ್ದ ಮ್